ಪತಂಗದ ಕೊರಳು

ಹುಡುಗಿ ಮೇಜಿನ ಮೇಲೆ ಬಿಚ್ಚಿಟ್ಟ ಕೊಡೆಗಳು ಎರಡೂ ಕಪ್ಪು. ಒಂದರ ಹಿಡಿ ಮುರಿದಿತ್ತು, ಇನ್ನೊಂದರ ಬಟ್ಟೆಗೆ ತೂತು ಬಿದ್ದಿತ್ತು.

"ಕೊಡೆ ರಿಪೇರಿ ಇಲ್ಲಿ ಮಾಡಲ್ಲಮ್ಮ," ಎಂದಳು ಅಕ್ಕ, ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ಸರಿಮಾಡಿಕೊಳ್ಳುತ್ತ. "ನಾವು ಬಟ್ಟೆ ಹೊಲಿಯೋರು."

"ರಿಪೇರಿ ಅಲ್ಲ ಆಂಟಿ, ರೆಕ್ಕೆ ಮಾಡ್ಕೊಡಿ." ಹುಡುಗಿ ತನ್ನ ಹೆಗಲು ಮುಟ್ಟಿಕೊಂಡು, ಆಮೇಲೆ ಕೈಗಳನ್ನು ಅಗಲಕ್ಕೆ ಚಾಚಿದಳು. "ಇಲ್ಲಿಂದ ಇಲ್ಲೀವರೆಗೆ. ಎಡಗಡೆದು ಮಾತ್ರ ಅರ್ಧಕ್ಕೇ ಸಿಕ್ಕಾಕೊಂಡು ನಿಲ್ಬೇಕು. ಪೂರ್ತಿ ಬಿಚ್ಕೊಂಡ್ರೆ ನನ್ನ ಮರ್ಯಾದೆ ಹೋಗುತ್ತೆ."

ಗೋಡೆಯ ಪಕ್ಕದಲ್ಲಿ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು. ತಂಗಿ ಯಾರದೋ ಪ್ಯಾಂಟಿನ ಕಾಲನ್ನು ಸೂಜಿಯ ಕೆಳಗೇ ಬಿಟ್ಟು ತಲೆ ಎತ್ತಿದಳು. ಅಕ್ಕ ಅವಳ ಕಡೆ ನೋಡಲಿಲ್ಲ.

"ಯಾವುದಾದ್ರೂ ನಾಟಕಕ್ಕಾ?" ಎಂದು ಕೇಳಿದಳು ಅಕ್ಕ, ಏನೂ ಗೊತ್ತಿಲ್ಲದವಳ ಹಾಗೆ.

"ಸಿನಿಮಾಗೆ. ‘ಕತ್ತಲ ಪತಂಗ’ ಅಂತ. ದೆವ್ವದ ಸಿನಿಮಾ, ಆದ್ರೆ ಎಲ್ಲರೂ ಹಾಡ್ತಾ ಹಾಡ್ತಾ ಸಾಯ್ತಾರೆ. ತಿಂಗಳಿಗೊಂದು ಭಾನುವಾರ ಬೆಳಗಿನ ಆಟ ಹಾಕ್ತಾರಲ್ಲ, ನಾವೆಲ್ಲ ವೇಷ ಹಾಕ್ಕೊಂಡು ಹೋಗ್ತೀವಿ. ನೀವು ನೋಡಿರಲ್ಲ ಬಿಡಿ, ತುಂಬಾ ಹಳೇದು. ನೀವು ಹುಟ್ಟೋಕೆ ಮುಂಚಿಂದು."

ಕೊನೆಯ ಮಾತು ಮರ್ಯಾದೆಗೆ ಆಡಿದ್ದು. ಅಕ್ಕನ ಕೂದಲು ಪೂರ್ತಿ ನೆರೆತಿತ್ತು.

ಹುಡುಗಿಯ ಜೊತೆ ಬಂದಿದ್ದ ಗೆಳೆಯ ಬಾಗಿಲಿಗೆ ಒರಗಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದ. "ಅದನ್ನ ಸಿನಿಮಾ ಅನ್ಬೇಡ," ಎಂದ. "ಅದೊಂದು ಆಕ್ಸಿಡೆಂಟು. ಜನ ರಸ್ತೇಲಿ ಗಾಡಿ ಉರುಳಿ ಬಿದ್ರೆ ನಿಂತು ನೋಡಲ್ವಾ, ಹಾಗೆ ನೋಡ್ತಿದೀರ ನೀವು."

"ಮತ್ತೆ ನೀನ್ಯಾಕೆ ಪ್ರತಿ ಸಲ ಬರ್ತೀಯ?"

"ಆ ಒಂದು ಹಾಡಿಗೆ. ಎಲ್ಲರೂ ಆಟ ಆಡ್ತಿದಾರೆ ಅದರಲ್ಲಿ. ಆ ಹಾಡು ಹೇಳಿದೋಳು ಮಾತ್ರ ಆಟ ಆಡ್ತಿಲ್ಲ. ಅವಳು ನಿಜವಾಗಿ ಯಾರನ್ನೋ ಕರೀತಿದಾಳೆ."

"ಅಯ್ಯೋ ಸುಮ್ನಿರಪ್ಪ! ಆ ಗಂಟಲೇ ದೊಡ್ಡ ಜೋಕು. ಬೆಕ್ಕಿನ ಬಾಲ ತುಳಿದ ಹಾಗಿದೆ. ನಾವೆಲ್ಲ ಜೋರಾಗಿ ಹಾಡಿ ಅದನ್ನ ಮುಚ್ಚಿಹಾಕದಿದ್ರೆ ಯಾರೂ ಕೂತು ಕೇಳಕ್ಕಾಗಲ್ಲ." ಹುಡುಗಿ ಅಕ್ಕನ ಕಡೆ ತಿರುಗಿದಳು. "ಆದ್ರೆ ಆ ಪತಂಗದ ಪಾತ್ರ ಮಾಡಿರೋಳು ಇದಾಳಲ್ಲ ಆಂಟಿ, ನಮ್ಮ ಪಾಲಿಗೆ ದೇವತೆ."

ಅಕ್ಕನ ಮುಖ ಕೆಂಪಗಾಯಿತು. "ಬುಧವಾರ ಬಾಮ್ಮ, ರೆಕ್ಕೆ ತಯಾರಿರುತ್ತೆ," ಎಂದು ಕೊಡೆಗಳನ್ನು ಮಡಚಿ ಒಳಗಿಟ್ಟಳು.

ಆ ದೇವತೆಯೂ ಆ ಬೆಕ್ಕೂ ಒಂದೇ ಅಂಗಡಿಯಲ್ಲಿ ಎದುರುಬದುರು ಕೂತು ಹೊಲಿಯುತ್ತಾರೆಂದು ಹುಡುಗಿಗೂ ಅವಳ ಗೆಳೆಯನಿಗೂ ಗೊತ್ತಿರಲಿಲ್ಲ.

ಸಿನಿಮಾ ಮಾಡಿದ್ದು ಇವರ ಸೋದರಮಾವ. ಅವನದೊಂದು ಫೋಟೊ ಸ್ಟುಡಿಯೊ ಇತ್ತು. ಬದುಕಿರುವವರ ಮುಖಗಳನ್ನೇ ತೆಗೆದು ತೆಗೆದು ಬೇಸರ ಬಂದು, ಒಂದು ದೆವ್ವದ ಮುಖ ತೆಗೆಯಬೇಕು ಎಂದು ಅವನಿಗನ್ನಿಸಿತು. ಸಂಜೆಯಾದರೆ ಪತಂಗವಾಗಿ ಹಾರಿ ಗಂಡಸರ ನೆರಳನ್ನು ಕುಡಿಯುವ ಹೆಣ್ಣೊಬ್ಬಳ ಕಥೆ ಬರೆದ. ನೆರಳು ಕಳೆದುಕೊಂಡವನು ಪ್ರಾಣ ಬಿಡುವ ಮುಂಚೆ ಹಾಡಬೇಕು, ಪತಂಗ ಅವನ ಜೊತೆ ದನಿಗೂಡಿಸಬೇಕು. ಇಂಥದ್ದನ್ನು ಈವರೆಗೆ ಯಾರೂ ಮಾಡಿಲ್ಲ ಎಂದು ಮಾವ ಹೇಳಿಕೊಂಡು ತಿರುಗಿದ. ಯಾಕೆ ಮಾಡಿಲ್ಲ ಎನ್ನುವುದು ಬಿಡುಗಡೆಯ ದಿನ ಎಲ್ಲರಿಗೂ ತಿಳಿಯಿತು.

ಪತಂಗಕ್ಕೆ ಉದ್ದ ಕತ್ತಿನ, ದೊಡ್ಡ ಕಣ್ಣಿನ ಅಕ್ಕನೇ ಆಗಬೇಕೆಂದ. ಹಾಡಲು ಗೊತ್ತುಮಾಡಿದ್ದ ಗಾಯಕಿ ಕಥೆ ಕೇಳಿದ ಮೇಲೆ ಫೋನೇ ಎತ್ತಲಿಲ್ಲವಾದ್ದರಿಂದ, ಮನೆಯಲ್ಲಿ ಪಾತ್ರೆ ತೊಳೆಯುತ್ತ ಹಾಡಿಕೊಳ್ಳುತ್ತಿದ್ದ ತಂಗಿಯನ್ನು ಎಳೆದುಕೊಂಡು ಹೋದ. ಸ್ಟುಡಿಯೊದ ಕತ್ತಲೆ ಕೋಣೆಯ ಗೋಡೆಗೆ ಹಾಸಿಗೆಗಳನ್ನು ಒರಗಿಸಿ, ಹೊರಗೆ ವಾಹನಗಳ ಸದ್ದು ನಿಲ್ಲುವುದನ್ನೇ ಕಾದು, ಅವಳಿಂದ ಹಾಡಿಸಿದರು. ಕೊಡೆಯ ಕಡ್ಡಿಗಳಿಗೆ ಹಳೆಯ ಪರದೆಯ ಬಟ್ಟೆ ಸುತ್ತಿ ರೆಕ್ಕೆ ಹೊಲಿದದ್ದೂ ಅಕ್ಕತಂಗಿಯರೇ. ಕೊನೆಯ ದೃಶ್ಯದಲ್ಲಿ ಎಡಗಡೆಯ ರೆಕ್ಕೆ ಅರ್ಧಕ್ಕೆ ಸಿಕ್ಕಿಕೊಂಡಿತು. ಮತ್ತೆ ತೆಗೆಯಲು ಫಿಲ್ಮು ಉಳಿದಿರಲಿಲ್ಲ. ಟೈಟಲಿನಲ್ಲಿ ಮಾವ ‘ಗಾಯನ: ಸ್ವತಃ ಪತಂಗ’ ಎಂದು ಹಾಕಿಸಿದ. ಹಾಗೆ ಹಾಕಿದರೆ ಜನ ಹೆದರುತ್ತಾರೆ ಎಂದು ಅವನ ಲೆಕ್ಕ.

ಜನ ಹೆದರಲಿಲ್ಲ, ನಕ್ಕರು. ಮೊದಲ ನಗು ಎದ್ದಾಗಲೇ ತಂಗಿ ಎದ್ದು ಹೊರಗೆ ಓಡಿದ್ದಳು. ಅವಳ ಹಾಡು ಬರುವುದಕ್ಕೆ ಇನ್ನೂ ಹೊತ್ತಿತ್ತು. ಅಕ್ಕ ಮಾತ್ರ ಕತ್ತು ನೆಟ್ಟಗೆ ಮಾಡಿಕೊಂಡು ಕೊನೆಯವರೆಗೆ ಕೂತಿದ್ದು, ದೀಪ ಹತ್ತಿದ ಮೇಲೆ ಎಲ್ಲರೂ ತಿರುಗಿ ತಿರುಗಿ ನೋಡುತ್ತಿರುವಾಗ ನಡೆದು ಹೊರಗೆ ಬಂದಳು. ಬೀದಿಯಲ್ಲಿ ಅವಳಿಗೆ ಪತಂಗ ಎಂಬ ಹೆಸರೇ ನಿಂತಿತು. ಬೆಕ್ಕು, ಬಾಗಿಲ ಕಿರುಗುಟ್ಟು ಎಂದೆಲ್ಲ ಜನ ಆ ದನಿಯನ್ನು ಆಡಿಕೊಂಡಾಗಲೂ ಅದು ತನ್ನದಲ್ಲವೆಂದು ಅಕ್ಕ ಹೇಳಲಿಲ್ಲ. ವಾರ ತುಂಬುವ ಮೊದಲೇ ಸಿನಿಮಾ ಎತ್ತಿಹೋಯಿತು. ಹಾಡುಗಳ ಕ್ಯಾಸೆಟ್ಟು ಬರಲೇ ಇಲ್ಲ.

ಆಮೇಲೆ ಕೆಲವು ವರ್ಷಕ್ಕೆ ತಂಗಿಯ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯಿತು. ಈಗ ಮಾತಾಡಿದರೆ ತರಗೆಲೆಯ ಮೇಲೆ ಯಾರೋ ಹುಷಾರಾಗಿ ಹೆಜ್ಜೆಯಿಟ್ಟ ಹಾಗೆ ಕೇಳುತ್ತದೆ. ಅವಳ ಗಂಡ, ಬೇಕರಿಯವನು, ಅವಳನ್ನು ಮದುವೆಯಾದದ್ದು ಅದಾದ ನಂತರ. ಅವನ ಕಿವಿಗೆ ಬಿದ್ದಿರುವುದು ಈ ದನಿಯೊಂದೇ.

ಬುಧವಾರ ಹುಡುಗಿ ರೆಕ್ಕೆ ತೊಟ್ಟು ಕನ್ನಡಿಯ ಮುಂದೆ ಕುಣಿದು ಹೋದ ಮೇಲೆ, ಅಂಗಡಿಯಲ್ಲಿ ಅಕ್ಕ ತಂಗಿ ಇಬ್ಬರೇ ಉಳಿದರು.

"ಈ ಭಾನುವಾರ ಆಟ ಇದೆ," ಎಂದಳು ಅಕ್ಕ, ಬಟ್ಟೆಯ ಚೂರುಗಳನ್ನು ಗುಡಿಸುತ್ತ.

"ಇರಲಿ."

"ಎಲ್ಲರೂ ಮೆಚ್ಕೊಳ್ತಿದಾರೆ ಕಣೆ."

"ಮೆಚ್ಕೊಳ್ತಿಲ್ಲ ಅಕ್ಕ, ನಗ್ತಿದಾರೆ. ಆಗಲೂ ನಕ್ಕರು, ಈಗಲೂ ನಗ್ತಿದಾರೆ. ಆಗ ಸುಮ್ನೆ ಬಂದು ನಗ್ತಿದ್ರು, ಈಗ ವೇಷ ಹಾಕ್ಕೊಂಡು ಬಂದು ನಗ್ತಿದಾರೆ, ಅಷ್ಟೇ." ಇಷ್ಟು ಹೇಳುವುದಕ್ಕೆ ತಂಗಿ ಎರಡು ಕಡೆ ನಿಂತು ಉಸಿರೆಳೆದುಕೊಂಡಳು.

"ನಕ್ಕರೆ ಏನು ಗಂಟು ಹೋಯ್ತು? ನಾನು ಅದರಲ್ಲಿ ಚೆನ್ನಾಗಿ ಮಾಡಿದೀನಿ. ರೆಕ್ಕೆ ಸಿಕ್ಕಾಕೊಂಡಿದ್ದು ನನ್ನ ತಪ್ಪಾ? ಸಿಕ್ಕಾಕೊಂಡ ಮೇಲೂ ನಾನು ಮುಖ ಹೇಗಿಟ್ಕೊಂಡಿದೀನಿ ನೋಡು ಬಾ ಒಂದು ಸಲ. ನೀನು ನೋಡದೆ ಕೆಟ್ಟದು ಅಂತೀಯ, ನಾನು ನೋಡಿ ಒಳ್ಳೇದು ಅಂತೀನಿ. ಯಾರ ಮಾತು ನಂಬಬೇಕು?"

ತಂಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ತೂರಲಿಲ್ಲ. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಮತ್ತೆ ಹಿಡಿದಳು.

"ಆ ಹುಡುಗ ಹೇಳಿದ್ದು ನಿಜಾನಾ?" ಎಂದು ಕೇಳಿದಳು.

"ಯಾವುದು?"

"ಯಾರನ್ನೋ ಕರೀತಿರೋ ಹಾಗಿದೆ ಅಂದನಲ್ಲ. ಆ ಹುಡುಗಿ ಬೆಕ್ಕು ಅಂದಳು. ಹೇಗಿದೆ ನಿಜವಾಗ್ಲೂ? ನನಗೆ ಮರೆತೇ ಹೋಗಿದೆ ಅಕ್ಕ. ನೆನಪು ಮಾಡ್ಕೊಳ್ಳೋಣ ಅಂದ್ರೆ ಈ ಗೊಗ್ಗರು ದನೀನೇ ಅಡ್ಡ ಬರುತ್ತೆ."

ಪೊರಕೆ ಹಿಡಿದ ಅಕ್ಕ ಹಾಗೇ ನಿಂತಳು. ಇಷ್ಟು ಕಾಲ ತಂಗಿಗೆ ಬೇಡವಾಗಿರುವುದು ಸಿನಿಮಾ ಎಂದುಕೊಂಡಿದ್ದಳು. ಈ ಮಾತು ಅವಳಿಗೆ ಹೊಳೆದಿರಲೇ ಇಲ್ಲ. ಅಕ್ಕನ ಮೊಬೈಲಿನಲ್ಲಿ ಆ ಆಟಗಳ ತುಣುಕುಗಳಿದ್ದವು, ಆದರೆ ಅವುಗಳಲ್ಲಿ ಪರದೆಗಿಂತ ಹೆಚ್ಚಾಗಿ ಕೊಡೆ ಹಿಡಿದು ಕಿರುಚುವ ಜನರೇ ತುಂಬಿದ್ದರು. ಮಾವನ ಸ್ಟುಡಿಯೊ ಕಟ್ಟಡ ಕೆಡವುವಾಗ ಸಿಕ್ಕಿದ ರೀಲುಗಳು ಆ ಚಿತ್ರಮಂದಿರದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

"ನಾನು ಹೇಳಿದ್ರೆ ಹೊಗಳ್ತಾಳೆ ಅಂತೀಯ," ಎಂದಳು ಅಕ್ಕ. "ಬಂದು ನೀನೇ ಕೇಳು."

ಬೇಕರಿಯವನೂ ಹೊರಟ. ಕೋಳಿ ಕೂಗುವ ಮುಂಚೆ ಎದ್ದು ಹಿಟ್ಟು ನಾದುವ ಅವನಿಗೆ ಕತ್ತಲಲ್ಲಿ ಕೂರಿಸಿದರೆ ನಿದ್ದೆ ಬರುತ್ತಿತ್ತು. ಸಿನಿಮಾಕ್ಕೆ ಹೋದಲ್ಲೆಲ್ಲ ಅವನು ಸುಖವಾಗಿ ಮಲಗಿ ಎದ್ದವನು. "ನಿಮ್ಮ ಹುಳದ ಸಿನಿಮಾ ನಾನೂ ನೋಡ್ತೀನಿ ಅತ್ತಿಗೆ," ಎಂದ. "ಕುರ್ಚಿ ಮೆತ್ತಗಿದೆ ತಾನೆ?"

ಚಿತ್ರಮಂದಿರದ ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತಿದ್ದರೂ ಎಲ್ಲರ ಕೈಯಲ್ಲೂ ಕೊಡೆ. ತುಟಿಗೆ ಕಪ್ಪು ಬಳಿದುಕೊಂಡ ಹೆಂಗಸರು, ಹಣೆಯ ಮೇಲೆ ಹುಳದ ಹಾಗೆ ತಂತಿಯ ಮೀಸೆ ಕಟ್ಟಿಕೊಂಡ ಗಂಡಸರು. ಗಾಳಿಗೆ ಹಾರುವ ರೆಕ್ಕೆಗಳ ನಡುವೆ ಮಡಿಕೆ ಮುರಿಯದ ಅಂಗಿ ತೊಟ್ಟ ಒಬ್ಬ ಮುದುಕರು ತಮ್ಮ ಹೆಂಡತಿಗೆ, "ಹೆದರಿಸೋ ಸಿನಿಮಾ ಅಂತ ಹೇಳಿದ್ರು, ಇವರನ್ನ ನೋಡಿದ್ರೇನೇ ಹೆದರಿಕೆ ಆಗ್ತಿದೆ," ಎನ್ನುತ್ತಿದ್ದರು. ಅಕ್ಕ ಇಸ್ತ್ರಿ ಮಾಡಿದ ನೀಲಿ ಸೀರೆಯುಟ್ಟು, ಯಾರಾದರೂ ಗುರುತು ಹಿಡಿಯಲಿ ಎಂಬಂತೆಯೂ ಹಿಡಿಯದಿರಲಿ ಎಂಬಂತೆಯೂ ನಡೆದಳು. ಯಾರೂ ಹಿಡಿಯಲಿಲ್ಲ. ಒಬ್ಬ ಪತಂಗ ವೇಷದವಳು, "ಸೈಡು ಕೊಡಿ ಆಂಟಿ," ಎಂದು ತಳ್ಳಿಕೊಂಡು ಒಳಗೆ ಹೋದಳು.

ಸಿನಿಮಾ ಶುರುವಾಯಿತು. ಪರದೆಯ ಮೇಲೆ ನಾಯಕ, "ಯಾರದು?" ಎಂದು ಕೇಳಿದ್ದೇ ತಡ ಇಡೀ ಚಿತ್ರಮಂದಿರ, "ನಿಮ್ಮತ್ತೆ!" ಎಂದು ಕೂಗಿತು. ಬೇಕರಿಯವನು ಬೆಚ್ಚಿ ನೆಟ್ಟಗೆ ಕೂತ. ನಾಯಕ ಪಾಪದವನ ಹಾಗೆ ಇನ್ನೊಮ್ಮೆ "ಯಾರದು?" ಎಂದಾಗ ಬೇಕರಿಯವನೂ ಸಣ್ಣದಾಗಿ ಬಾಯಾಡಿಸಿದ. ಮುದುಕರು ಎದ್ದು, "ಇವರಪ್ಪ ಅಮ್ಮ ಇವರನ್ನ ಓದಿಸಿದ್ದು ದಂಡ," ಎಂದು ಹೊರಟರು. ಅವರ ಹೆಂಡತಿ ಮಾತ್ರ, "ನೀವು ಹೊರಗೆ ಕೂತಿರಿ, ನಾನು ನೋಡ್ಕೊಂಡು ಬರ್ತೀನಿ," ಎಂದು ಕೂತೇ ಇದ್ದರು.

ಪರದೆಯ ಮೇಲಿನ ಅಕ್ಕ ಇಪ್ಪತ್ತರ ಹುಡುಗಿ. ಮೇಣದ ಬತ್ತಿಗಳ ನಡುವೆ ನಿಂತು ಕಣ್ಣು ಅಗಲಿಸಿದಳು. ತಂಗಿಗೆ ಮೊದಲು ಕಂಡದ್ದು ರೆಕ್ಕೆಯ ಅಂಚಿನ ಹೊಲಿಗೆ. ಅದನ್ನು ಹೊಲಿದ ಮಧ್ಯಾಹ್ನ, ಬೆರಳಿಗೆ ಸೂಜಿ ಚುಚ್ಚಿದ್ದು, ಮಾವ ಇಬ್ಬರಿಗೂ ಬೈದು ಆಮೇಲೆ ಬಿಸ್ಕತ್ತು ತಂದುಕೊಟ್ಟಿದ್ದು ನೆನಪಿಗೆ ಬಂದವು. ಆ ಬಿಸ್ಕತ್ತನ್ನು ಮಾವ ತಾನೇ ಹೆಚ್ಚು ತಿಂದಿದ್ದ.

ಆಮೇಲೆ ಹಾಡು ಬಂತು. ಪರದೆಯ ಮೇಲೆ ಅಕ್ಕನ ತುಟಿಗಳು ತೆರೆದುಕೊಂಡವು. ಆ ಕ್ಷಣಕ್ಕೇ ಕಾಯುತ್ತಿದ್ದ ಜನ ಎದ್ದು ನಿಂತು ಒಂದೇ ಗಂಟಲಲ್ಲಿ ಹಾಡತೊಡಗಿದರು.

ದೀಪ ಆರಿಸಬೇಡ, ಹಾರಿ ಬರುವೆನು,
ರೆಕ್ಕೆ ಸುಟ್ಟರೂ ಕೂಡ ಮುತ್ತನಿಡುವೆನು...

ಹಿಂದಿನ ಸಾಲಿನವರು ಕುರ್ಚಿಯ ಬೆನ್ನಿಗೆ ತಾಳ ಹಾಕಿದರು. ಕೊಡೆಗಳು ಪಟಪಟ ಬಿಚ್ಚಿಕೊಂಡು ಮಡಚಿಕೊಂಡವು. ತಂಗಿ ಮುಂದಕ್ಕೆ ಬಾಗಿದಳು. ಕೈಯನ್ನು ಕಿವಿಗೆ ಆನಿಸಿಕೊಂಡಳು. ಇಷ್ಟೊಂದು ಜನರ ಪ್ರೀತಿಯ ಕೆಳಗೆ ಎಲ್ಲೋ ಅವಳ ದನಿ ಇತ್ತು. ಒಂದು ಗಳಿಗೆ ಎಳೆಯಷ್ಟು ಸಿಕ್ಕಿದಂತಾಯಿತು, ಅಷ್ಟರಲ್ಲಿ ಯಾರೋ ಶಿಳ್ಳೆ ಹಾಕಿದರು. ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿಕೊಂಡು ಕೂತರು.

"ಕೇಳಿಸ್ತಾ?" ಎಂದಳು ಅಕ್ಕ.

ತಂಗಿ ಇಲ್ಲವೆಂದು ತಲೆಯಾಡಿಸಿದಳು. ಕತ್ತಲಲ್ಲಿ ಅವಳ ಮುಖ ಅಕ್ಕನಿಗೆ ಕಾಣಲಿಲ್ಲ, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿರುವುದು ತಿಳಿಯಿತು. "ಹೋಗ್ಲಿ ಬಿಡಕ್ಕ," ಎಂದಳು ತಂಗಿ. "ಅಷ್ಟು ಜನ ಹಾಡಿದ್ರಲ್ಲ, ಸಾಕು."

ಇಂಟರ್ವಲ್ಲಿಗೆ ದೀಪ ಹತ್ತಿತು. ಅಕ್ಕ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಕಾಫಿಗೆ ಹೊರಟಳೆಂದು ಬೇಕರಿಯವನು ಕಾಲು ಸರಿಸಿ ದಾರಿ ಕೊಟ್ಟ. ಅವಳು ಬಾಗಿಲ ಕಡೆ ಹೋಗದೆ, ಇಳಿಜಾರಿನಲ್ಲಿ ನಡೆದು ಪರದೆಯ ಮುಂದಿನ ಮೆಟ್ಟಿಲು ಹತ್ತಿ, ಜನರ ಕಡೆ ಮುಖ ಮಾಡಿ ನಿಂತಳು.

"ಸ್ವಲ್ಪ ಇಲ್ಲಿ ಕೇಳಿ," ಎಂದಳು. ಯಾರೂ ಕೇಳಲಿಲ್ಲ. ಆಗ ಅವಳು ಎರಡೂ ಕೈಗಳನ್ನು ಚಾಚಿ, ಎಡಗೈಯನ್ನು ಮಾತ್ರ ಅರ್ಧಕ್ಕೆ ಮಡಚಿ, ಕತ್ತು ನೆಟ್ಟಗೆ ಮಾಡಿ, ಕಣ್ಣು ಅಗಲಿಸಿದಳು.

ಮುಂದಿನ ಸಾಲಿನಲ್ಲಿ ಯಾರೋ "ಅಮ್ಮಾ!" ಎಂದರು. ಆಮೇಲೆ ಎದ್ದ ಗದ್ದಲಕ್ಕೆ ಮಾಡಿನ ಫ್ಯಾನುಗಳು ಅಲ್ಲಾಡಿದವು ಎನ್ನಬೇಕು. ರೆಕ್ಕೆ ಹೊಲಿಸಿಕೊಂಡಿದ್ದ ಹುಡುಗಿ ಕುರ್ಚಿಯ ಮೇಲೆ ಹತ್ತಿ, "ನಮ್ಮ ಟೈಲರ್ ಆಂಟಿ! ನಮ್ಮ ಟೈಲರ್ ಆಂಟಿ!" ಎಂದು ಅಳುತ್ತಲೋ ನಗುತ್ತಲೋ ಕೂಗಿದಳು. "ಹಾಡಿ, ಹಾಡಿ!" ಎಂದು ಎಲ್ಲ ಕಡೆಯಿಂದ ಒತ್ತಾಯ ಬಂತು.

"ನಾನು ಹಾಡಲ್ಲ. ಆಗಲೂ ಹಾಡಿಲ್ಲ," ಎಂದಳು ಅಕ್ಕ. "ನಾನು ಬಾಯಿ ಅಲ್ಲಾಡಿಸಿದ್ದು, ಹಾಡಿದ್ದು ನನ್ನ ತಂಗಿ. ಅಲ್ಲಿ ಕೂತಿದಾಳೆ. ಈಗ ಅವಳ ಗಂಟಲು ಹೋಗಿದೆ. ಅವಳು ಹಾಡಿದ್ದು ಅಂತ ಈ ಪ್ರಪಂಚದಲ್ಲಿ ಉಳಿದಿರೋದು ಇದೊಂದೇ, ಅದನ್ನ ಅವಳು ಇವತ್ತಿನವರೆಗೆ ಕೇಳಿಲ್ಲ. ಇವತ್ತು ಕೇಳೋಣ ಅಂತ ಬಂದ್ರೆ ನಿಮ್ಮ ಗಲಾಟೇಲಿ ಕೇಳಿಸ್ಲಿಲ್ಲ. ಅದೊಂದು ಹಾಡು ಇನ್ನೊಂದು ಸಲ ಹಾಕಿಸ್ತೀನಿ. ದಯವಿಟ್ಟು ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಆಮೇಲೆ ನೀವು ಏನು ಬೇಕಾದ್ರೂ ಕಿರುಚ್ಕೊಳ್ಳಿ, ನನ್ನ ರೆಕ್ಕೆಗೂ ಕಿರುಚ್ಕೊಳ್ಳಿ."

ಎಲ್ಲರೂ ಒಪ್ಪಲಿಲ್ಲ. "ಸುಮ್ನೆ ಕೂತು ನೋಡೋಕೆ ಇದೇನು ಒಳ್ಳೇ ಸಿನಿಮಾನಾ?" ಎಂದು ಹಿಂದಿನಿಂದ ಒಬ್ಬ ಕೇಳಿದ. ಕೆಲವರು ನಕ್ಕರು. "ಕಿರುಚೋದೇ ಇದರ ಮಜಾ ಅಮ್ಮ," ಎಂದು ಇನ್ನೊಬ್ಬಳು ಸಮಾಧಾನದಿಂದ ವಿವರಿಸಲು ನೋಡಿದಳು. ಕನ್ನಡಕದ ಗೆಳೆಯ ಎದ್ದು ನಿಂತ. "ನೀವು ನೂರು ಸಲ ಕಿರುಚಿದೀರ," ಎಂದ. "ಒಂದು ಸಲ ಕೇಳಿದ್ರೆ ಏನಾಗುತ್ತೆ?" ಹುಡುಗಿ ಅವನ ಮುಖ ನೋಡಿದಳು. ಕುರ್ಚಿಯಿಂದ ಇಳಿದು, ಬೆನ್ನಿನ ರೆಕ್ಕೆಯನ್ನು ಮಡಚಿಕೊಂಡು ಕೂತಳು. ಅವಳ ಸಾಲಿನಲ್ಲಿ ಒಂದೊಂದಾಗಿ ಕೊಡೆಗಳು ಮಡಚಿಕೊಂಡವು. ಒಪ್ಪದವರು ಗೊಣಗುತ್ತ ಕಾಫಿಗೆ ಹೋದರು. ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಆಪರೇಟರು ಕೈ ಹೊರಗೆ ಹಾಕಿ, ಆಯಿತು ಎಂಬಂತೆ ಬೀಸಿದ.

ದೀಪ ಆರಿತು. ರೀಲು ಕರಕರ ಅಂದಿತು. ಯಾರೋ ಕೆಮ್ಮಿದರು, ಇನ್ನೊಬ್ಬರು ಅವರನ್ನು ಶ್ ಅಂದರು.

ದನಿ ಸಣ್ಣದು. ಎಳೆ ಹುಡುಗಿಯದು. ಅದರಲ್ಲಿ ದೆವ್ವದ ಗತ್ತು ಯಾವುದೂ ಇರಲಿಲ್ಲ. ನೆರಳು ಕುಡಿಯುವ ಹಾಡನ್ನು ಅದು ಮನೆಯ ಬಾಗಿಲಲ್ಲಿ ನಿಂತು ಯಾರನ್ನೋ ಊಟಕ್ಕೆ ಕರೆಯುವಷ್ಟು ಸಹಜವಾಗಿ ಹಾಡುತ್ತಿತ್ತು. ಮೇಲಿನ ಸ್ವರದಲ್ಲಿ ನಿಜವಾಗಿಯೂ ಸ್ವಲ್ಪ ಕಿರುಚಿತು, ಅಂಗಡಿಯಲ್ಲಿ ಹುಡುಗಿ ಹೇಳಿದ ಬೆಕ್ಕು ಅಲ್ಲಿತ್ತು. ‘ನಿನ್ನ ನೆರಳನು ಮಾತ್ರ ಕುಡಿದು ಹೋಗುವೆನು’ ಎಂಬಲ್ಲಿ ಉಸಿರು ಸಾಲದೆ ಸ್ವರ ಕೆಳಗಿಳಿದು, ಎಡವಿದವರು ಏನೂ ಆಗಿಲ್ಲವೆಂಬಂತೆ ನಡೆಯುವ ಹಾಗೆ ಮತ್ತೆ ಮೇಲೆ ಬಂತು. ತಂಗಿ ಅಲುಗಾಡದೆ ಕೂತಿದ್ದಳು. ಎಷ್ಟೋ ಹಿಂದೆ ಬೇರೆ ಊರಿಗೆ ಹೋದ ಗೆಳತಿ ಹಿಂದಿನಿಂದ ಹೆಸರು ಹಿಡಿದು ಕರೆದರೆ, ಮುಖ ನೋಡುವ ಮುಂಚೆಯೇ ಗುರುತು ಹತ್ತುತ್ತದಲ್ಲ, ಹಾಗಾಯಿತು ಅವಳಿಗೆ. ಅವಳ ಗಂಟಲಿನೊಳಗೆ ಹೊಲಿಗೆ ಬಿದ್ದ ಜಾಗ ಆ ಸ್ವರಗಳ ಜೊತೆ ತಾನೂ ಏರಿ ಇಳಿಯಿತು. ಸದ್ದು ಮಾತ್ರ ಬರಲಿಲ್ಲ.

ಬೇಕರಿಯವನು ನಿದ್ದೆ ಮಾಡಿರಲಿಲ್ಲ. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಶಾಲೆಯಲ್ಲಿ ಕೂತವನ ಹಾಗೆ ಕೂತಿದ್ದ. ಹಾಡು ಮುಗಿದ ಮೇಲೂ ಪರದೆಯನ್ನೇ ನೋಡುತ್ತಿದ್ದ.

"ಇದು ನೀನಾ?" ಎಂದ ಕೊನೆಗೆ.

"ಹೂಂ."

ಅವನು ಹಿಂದಕ್ಕೆ ತಿರುಗಿ ಪ್ರೊಜೆಕ್ಟರ್ ಕೋಣೆಯ ಕಿಂಡಿ ನೋಡಿದ. "ಇನ್ನೊಂದು ಸಲ ಹಾಕ್ತಾರೇನು ಕೇಳ್ಲಾ?"

"ಬೇಡ ರೀ. ಹೊಡೀತಾರೆ."

ಮಿಕ್ಕ ಸಿನಿಮಾ ಮೊದಲಿನಂತೆಯೇ ಗದ್ದಲದಲ್ಲಿ ನಡೆಯಿತು. ರೆಕ್ಕೆ ಸಿಕ್ಕಿಕೊಂಡಾಗ ಜನ, ಕೆಟ್ಟು ನಿಂತ ಲಾರಿಗೆ ಹೇಳುವ ಹಾಗೆ, "ತಳ್ಳು, ತಳ್ಳು!" ಎಂದು ಕೂಗಿದರು. ತಂಗಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡರೂ ಹೆಗಲು ಕುಲುಕಿತು. "ನಗ್ತೀಯಾ?" ಎಂದು ಅಕ್ಕ ಸಿಡುಕಿದಳು. "ಎಂಥಾ ಮುಖಭಾವ ಅದು! ಎಲ್ಲ ಬಿಟ್ಟು ರೆಕ್ಕೆ ನೋಡ್ತೀಯಲ್ಲ."

"ಮುಖಭಾವ ಚೆನ್ನಾಗಿದೆ ಅಕ್ಕ. ಸಿನಿಮಾ ಮಾತ್ರ ಚೆನ್ನಾಗಿಲ್ಲ."

"ನಿನಗೆ ತಿಳಿಯಲ್ಲ ಬಿಡು."

"ಡಬ್ಬಾ ಸಿನಿಮಾ ಅತ್ತಿಗೆ," ಎಂದ ಬೇಕರಿಯವನು ವಿನಯದಿಂದ. "ಮುಂದಿನ ತಿಂಗಳು ಯಾವತ್ತು ಹಾಕ್ತಾರೆ?"

ಹೊರಗೆ ಅಕ್ಕನ ಸುತ್ತ ಫೋಟೊ ತೆಗೆಸಿಕೊಳ್ಳುವವರ ಗುಂಪು ಕಟ್ಟಿತು. ಹುಡುಗಿ ಗುಂಪಿನಿಂದ ಬಿಡಿಸಿಕೊಂಡು ತಂಗಿಯ ಹತ್ತಿರ ಬಂದು ನಿಂತಳು. ಕಪ್ಪು ಬಳಿದ ತುಟಿ ಅಲ್ಲಲ್ಲಿ ಅಳಿಸಿಹೋಗಿತ್ತು. "ಆವತ್ತು ಅಂಗಡೀಲಿ ಏನೇನೋ ಅಂದುಬಿಟ್ಟೆ ಆಂಟಿ..."

"ಅಂದ್ರೆ ಅಂದೆ ಬಿಡಮ್ಮ. ಒಂದು ಕಡೆ ಹಾಗೇ ಇದೆ." ಅವಳ ಸಣ್ಣ ದನಿ ಕೇಳಲು ಹುಡುಗಿಯೂ ಗೆಳೆಯನೂ ತಲೆ ತಗ್ಗಿಸಿ ಹತ್ತಿರ ಬಂದರು. ತಂಗಿ ಗೆಳೆಯನ ಕಡೆ ತಿರುಗಿದಳು. "ನೀನೂ ಅಷ್ಟೊಂದು ಹೊಗಳ್ಬೇಡಪ್ಪ. ನೆರಳು ಅನ್ನೋ ಕಡೆ ಸ್ವರ ಜಾರಿದೆ."

"ಅದು ಬೇಕಂತಲೇ ಹಾಗೆ ಹಾಡಿದ್ದಲ್ವಾ?"

"ಉಸಿರು ಸಾಲ್ಲಿಲ್ಲ," ಎಂದಳು ತಂಗಿ.

ಅಕ್ಕ ತನಗೆ ತಡವಾಗುತ್ತದೆಂದು ಕೈ ಮಾಡಿದಳು. ಗಂಡ ಹೆಂಡತಿ ಬಸ್ ಸ್ಟಾಪಿಗೆ ಬಂದು ತಗಡಿನ ನೆರಳಿನಲ್ಲಿ ನಿಂತರು. ಅಲ್ಲಿ ಆಗಲೇ ಒಬ್ಬ ಹೆಂಗಸು ನಿಂತಿದ್ದಳು. ಆಟ ನೋಡಿ ಬಂದವಳೇ ಇರಬೇಕು, ಕಣ್ಣ ಸುತ್ತ ಮಸಿ ಇತ್ತು. ಹೆಗಲ ಮೇಲೆ ಮಲಗಿದ್ದ ಮಗು ಸೆಕೆಗೆ ಕಿರಿಕಿರಿ ಮಾಡುತ್ತಿತ್ತು. ಅವಳು ಅದರ ಬೆನ್ನು ತಟ್ಟುತ್ತ, ಅತ್ತಿತ್ತ ತೂಗುತ್ತ, ತುಟಿ ಮುಚ್ಚಿಕೊಂಡೇ ಹಾಡುತ್ತಿದ್ದಳು. ಪದಗಳಿಲ್ಲದಿದ್ದರೂ ತಂಗಿಗೆ ಗುರುತು ಸಿಕ್ಕಿತು. ಮೂರನೆಯ ಸಾಲು, ನೆರಳಿನ ಸಾಲು, ಬಂತು. ಹೆಂಗಸಿನ ಸ್ವರ ಎಲ್ಲಿ ಇಳಿಯಬೇಕೋ ಅಲ್ಲಿ, ಎಷ್ಟು ಇಳಿಯಬೇಕೋ ಅಷ್ಟೇ ಇಳಿದು, ಮತ್ತೆ ಮೇಲೆ ಬಂತು. ಹಾಡು ಇರುವುದೇ ಹಾಗೆ ಎಂಬಂತೆ.

ಬಸ್ಸು ಬಂದು ನಿಂತಿತು. ಬೇಕರಿಯವನು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, "ಬಾ, ಸೀಟಿದೆ," ಎಂದ. ತಂಗಿ ಸ್ವಲ್ಪ ಇರಿ ಎಂಬಂತೆ ಕೈ ಎತ್ತಿದಳು. ಅವನು ಅವಳನ್ನೂ ಡ್ರೈವರನ್ನೂ ನೋಡಿ ಕೆಳಗಿಳಿದ. ಬಸ್ಸು ಹೊರಟುಹೋಯಿತು. ಮಗುವಿನ ಮುಷ್ಟಿ ನಿಧಾನವಾಗಿ ಸಡಿಲವಾಗುತ್ತಿತ್ತು. ಹೆಂಗಸು ಹಾಡನ್ನು ಮೊದಲಿನಿಂದ ಶುರು ಮಾಡಿದಳು.